ಅಕ್ಕನ ಸೀನು

ಕಮಲಾಪುರದಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದ ನನ್ನ ಅಕ್ಕನಿಗೆ ಸದಾ ಸೀನು. ಬೇರೆ ಯಾರು ಸೀನಿದರೂ ತಲೆ ಮುಟ್ಟಿ, "ನೂರು ವರ್ಷ ಬಾಳು" ಎನ್ನುತ್ತಿದ್ದಳು. ಯಾಕೆಂದು ಕೇಳಿದರೆ, "ಸೀನಿದಾಗ ಜೀವ ಹೊಸ್ತಿಲ ತನಕ ಹೋಗ್ತದೋ ತಮ್ಮಾ. ಹಿಂಗಂದು ಒಳಗ ಕರೀಬೇಕಂತ ಅವ್ವ ಹೇಳ್ತಿದ್ಳು" ಎಂದಳು.

ಕಲಬುರಗಿಯ ನಮ್ಮ ಮನೆಯಲ್ಲಿ ನನ್ನ ಮಗಳ ನಿಶ್ಚಯದ ದಿನ, ತಾಂಬೂಲ ಬದಲಿಸುವಾಗ ಅಕ್ಕ ಒಂಟಿ ಸೀನು ಸೀನಿದಳು.

"ಅಪಶಕುನ! ಎದ್ದು ಹಿತ್ತಲಿಗಿ ನಡಿ" ಎಂದೆ.

"ಇರ್ಲಿ ಬಿಡ್ರಿ, ಸೀನು ಯಾರಿಗಿಲ್ಲ?" ಎಂದರು ಬೀಗರು. ನಾನು ಕೇಳಲಿಲ್ಲ.

"ನನ್ನ ಮೂಗಿಗಿ ಮುಹೂರ್ತ ತಿಳಿಯಲ್ಲ ನೋಡ್ರಿ" ಎಂದು ಬೀಗರಿಗೆ ನಗುತ್ತ ಹೇಳಿ ಅಕ್ಕ ಎದ್ದಳು.

ಊಟಕ್ಕೆ ಕರೆಯಲು ಹೋದರೆ ಹಿತ್ತಲಲ್ಲಿ ಇರಲಿಲ್ಲ, ಊರಿಗೆ ಹೋಗಿಬಿಟ್ಟಿದ್ದಳು. ಆಮೇಲೆ ಎರಡು ವರ್ಷ ಬದುಕಿದ್ದಳು. ತಪ್ಪಾಯಿತು ಎನ್ನಲು ನಾನು ಒಮ್ಮೆಯೂ ಕಮಲಾಪುರಕ್ಕೆ ಹೋಗಲಿಲ್ಲ.