ತಡವಾಗಿ ಬಂದ ಒಡಪು

ಬ್ಯಾಡಗಿ ಪ್ಯಾಟಿಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೇನು ಬರವಿಲ್ಲ. ಆದರೆ ಪದ ಕಟ್ಟುವ ಹಮಾಲ ಒಬ್ಬನೇ ಇದ್ದ, ಉಚ್ಚಂಗೆವ್ವನ ಗಂಡ ಡಾಕಪ್ಪ. ಕನ್ಯಾ ನೋಡಲು ಬಂದ ದಿನ ಅವಳು ಕಾಯಿಯ ತೊಟ್ಟು ಬಿಡಿಸುತ್ತ ಕುಂತಿದ್ದಳು. ಘಾಟಿಗೆ ಸೀನು ಶುರುವಾಗಿ, ಬಂದವರಿಗೆ ನೀರು ಕೊಡಲಿಕ್ಕೂ ಆಗಲಿಲ್ಲ. ಆ ಸೀನಿನ ಮೇಲೇ ಅವನು ಪದ ಕಟ್ಟಿದ. ಲಗ್ನವಾದ ಮೇಲೂ ಚೀಲ ಬೆನ್ನಿಗೇರಿದರೆ ಅದೇ ಪದ. ತೊಟ್ಟು ಬಿಡಿಸುವ ಹೆಂಗಸರು ಮೂಗಿಗೆ ಕಟ್ಟಿದ ಸೆರಗು ಬಿಚ್ಚದೇ ದನಿ ಕೂಡಿಸುತ್ತಿದ್ದರು.

ರಾಣೇಬೆನ್ನೂರಿನ ವಿರೂಪಾಕ್ಷ ಆಗ ಕ್ಯಾಸೆಟ್ಟಿನ ದೊಡ್ಡ ಗಾಯಕ. ಚಹಾದಂಗಡಿಯಲ್ಲಿ ಡಾಕಪ್ಪನ ಬಾಯಿಂದ ಆ ಪದ ಹಾಡಿಸಿ ಕೇಳಿ ಹೋದ. ಮರುವರ್ಷ ಅದು ಕ್ಯಾಸೆಟ್ಟಿನಲ್ಲಿ ಬಂತು. ಮೇಲೆ ವಿರೂಪಾಕ್ಷನ ಫೋಟೋ, ಪದ ಬರೆದವರು ಅನ್ನುವಲ್ಲಿಯೂ ಅವನದೇ ಹೆಸರು. ಹಾವೇರಿ ಬಸ್ಸಿನಲ್ಲಿ ಅದೇ, ಮದುವೆ ಚಪ್ಪರದಲ್ಲಿ ಅದೇ. ಹಮಾಲರು ಸಿಟ್ಟಿಗೆದ್ದರು, ಸುದ್ದಿ ಪೇಪರಿಗೂ ಹೋಯಿತು.

ಆ ಸುಮಾರಿಗೆ ರಾಣೇಬೆನ್ನೂರಿನಲ್ಲಿ ವಿರೂಪಾಕ್ಷನ ಕಾರ್ಯಕ್ರಮ. ಡಾಕಪ್ಪನಿಗೆ ಲಾರಿ ತುಂಬುವ ಕೆಲಸವಿತ್ತು. ಉಚ್ಚಂಗೆವ್ವ ಮೈದುನನ ಹೆಂಡತಿ ಮಹೇಶ್ವರಿಯನ್ನು ಕರೆದುಕೊಂಡು ಹೋದಳು.

ವಿರೂಪಾಕ್ಷ ಮೈಕಿನಲ್ಲಿ ನಕ್ಕ. "ನಾ ಪದ ಕಳುವು ಮಾಡೇನಿ ಅಂತ ಬರದಾರ್ರೀ. ಯಾರದ್ದರ ಇದ್ರ ಎದ್ದು ಹೇಳ್ರಿ. ಈಗಿಂದೀಗ ಇದs ಮೈಕಿನಾಗ ಅವರ ಹೆಸರು ಹೇಳಿ ಹಾಡತೇನಿ."

ಮಹೇಶ್ವರಿ ಉಚ್ಚಂಗೆವ್ವನ ಕೈ ಹಿಡಿದು ಮೇಲೆತ್ತಿಯೇಬಿಟ್ಟಳು. ಅವನು ಕೆಳಗಿಳಿದು ಬಂದು ಮೈಕು ಬಾಯಿಗೆ ಹಿಡಿದ.

"ಹೇಳಬೇ, ಯಾರು ಕಟ್ಟಿದ್ದು?"

"ನಮ್ಮ ಮನಿಯವ್ರು..."

"ನಿಮ್ಮ ಮನಿಯವರಿಗೆ ಹೆಸರಿಲ್ಲೇನು?"

ಗಂಡಸರ ಕಡೆಯಿಂದ ನಗೆ ಎದ್ದಿತು. ಹೆಂಡತಿ ಗಂಡನ ಹೆಸರು ಹೇಳಬಾರದು. ಹೇಳಲೇಬೇಕಾದರೆ ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳಬೇಕು. ಲಗ್ನದ ಹೊಸ್ತಿಲಲ್ಲಿ ಪಟಪಟ ಒಡಪು ಹೇಳಿದವಳಿಗೆ ಆವತ್ತು ಒಂದೂ ನೆನಪಾಗಲಿಲ್ಲ. ಮಹೇಶ್ವರಿಯ ಕಡೆ ನೋಡಿದಳು.

"ನನ್ನ ಕಡೆ ಏನ ನೋಡ್ತಿ ಯಕ್ಕಾ? ಭಾವನವರ ಹೆಸರು ನಾ ಹೆಂಗ ಹೇಳ್ಲಿ?"

"ಗಂಡನ ಹೆಸರs ಗೊತ್ತಿಲ್ಲಂದ್ರ ಪದ ಯಾರದು ಅಂತ ಹೆಂಗ ಗೊತ್ತಾದೀತ್ರಿ!" ಅಂದ ವಿರೂಪಾಕ್ಷ. ಜನ ಸಿಳ್ಳೆ ಹೊಡೆದರು. ಅವನು ಮೇಲೆ ಹತ್ತಿ ಹಾಡಿದ. ಹಾಳಾದವನು, ಹಾಡಿದ್ದು ಮಾತ್ರ ಬಂಗಾರದಂಗ. ಉಚ್ಚಂಗೆವ್ವನ ಕಣ್ಣಲ್ಲೂ ನೀರು ಬಂತು.

ಹೊಳ್ಳಿ ಬರುವಾಗ ಬಸ್ಸು ಮೋಟೆಬೆನ್ನೂರು ದಾಟಿದ್ದೇ ತಡ, ಒಡಪು ತಾನಾಗಿ ಬಾಯಿಗೆ ಬಂತು.

ಡಾಕಪ್ಪ ಬಯ್ಯಲಿಲ್ಲ. "ಆಗ್ಲಿ ಬಿಡ. ಮಂದ್ಯಾಗ ನನ್ನ ಹೆಸರು ಹೇಳಲಿಲ್ಲ, ಮರ್ಯಾದಿ ಉಳಿಸಿದಿ," ಅಂದ. ಬಯ್ದಿದ್ದರೆ ಚಲೋ ಇತ್ತು. ಆ ಪದ ಮತ್ತೆ ಅವನ ಬಾಯಲ್ಲಿ ಬರಲಿಲ್ಲ. ಬರಬರುತ್ತ ಚೀಲವನ್ನೂ ಸುಮ್ಮನೇ ಹೊತ್ತ, ಹಂಗೇ ಒಂದು ಮಳೆಗಾಲ ಹೋಗಿಬಿಟ್ಟ.

ಮೊನ್ನೆ ಮಹೇಶ್ವರಿಯ ಮೊಮ್ಮಗಳು ಜ್ಯೋತ್ಸ್ನಾಳ ಕುಬಸ. ಬಸುರಿ ಹುಡುಗಿ ಹಸಿರು ಸೀರೆಯಲ್ಲಿ ಕುಂತುಕೊಂಡೇ, "ಲೇ ನಂದನ, ನೀರು ತಾರೋ," ಅಂತ ಗಂಡನನ್ನು ಕೂಗುತ್ತಿದ್ದಳು. ಒಡಪು ಹೇಳು ಅಂದಾಗ ಮೊಬೈಲು ನೋಡಿ ಓದಿದಳು. ಹೆಂಗಸರೆಲ್ಲ ನಕ್ಕು, ಒಬ್ಬೊಬ್ಬರಾಗಿ ತಮ್ಮ ತಮ್ಮ ಒಡಪು ಹೇಳಿದರು. ಸರದಿ ಉಚ್ಚಂಗೆವ್ವನ ಹತ್ತಿರ ಬಂದು ಅವಳನ್ನು ದಾಟಿ ಹೋಯಿತು. ಗಂಡ ಸತ್ತವಳನ್ನು ಒಡಪು ಕೇಳುವುದಿಲ್ಲ.

ಅಷ್ಟರಲ್ಲಿ ಯಾರೋ ಸ್ಪೀಕರ್ ಡಬ್ಬಿಯಲ್ಲಿ ಹಾಡು ಹಚ್ಚಿದರು. ಸೀನಿದ ಹುಡುಗಿಯ ಪದ. ಹುಡುಗಿಯರು ಎದ್ದು ಸೀನಿದಂಗ ಮಾಡುತ್ತ ಕುಣಿದರು.

"ಯಾರ ಪದನೋ, ಏನ ಚಂದ ಐತಿ," ಅಂದಳು ಜ್ಯೋತ್ಸ್ನಾ.

"ವಿರೂಪಾಕ್ಷಂದು. ಎರಡು ಸಂಸಾರ ಹಾಳ ಮಾಡಿದ, ಕುಡದು ಸತ್ತ. ಖರೇ, ಕಂಠ ನೋಡ ಅವಂದು!" ಅಂದಳು ಒಬ್ಬಾಕೆ.

ಗೋಡೆಗೆ ಆತು ಕುಂತಿದ್ದ ಉಚ್ಚಂಗೆವ್ವ ಬಾಯಿ ತೆಗೆದಳು:

"ಬ್ಯಾಡಗಿ ಮೆಣಸಿನಕಾಯಿ ಬಣ್ಣ ಭಾಳ, ಖಾರ ಕಮ್ಮಿ,
ಡಾಕಪ್ಪನವರು ಕಟ್ಟಿದ ಪದ, ನಮ್ಮೂರಿಗೆಲ್ಲ ಹೆಮ್ಮಿ."

ಡಬ್ಬಿಯ ಗದ್ದಲದಲ್ಲಿ ಕುಣಿಯುವವರಿಗೆ ಕೇಳಲಿಲ್ಲ. ಮಗ್ಗುಲಲ್ಲಿದ್ದ ಮಹೇಶ್ವರಿಗೆ ಮಾತ್ರ ಕೇಳಿತು. ಅವಳು ಅಕ್ಕನ ಕೈ ಹಿಡಿದುಕೊಂಡಳು.

"ಎಷ್ಟ ಚಂದ ಐತಿ ಯಕ್ಕಾ. ಆವತ್ತ ಬರಬೇಕಿತ್ತು."

"ಬಂದಿತ್ತವ್ವಾ," ಅಂದಳು ಉಚ್ಚಂಗೆವ್ವ. "ಬಸ್ಸು ಹತ್ತಿದ ಮ್ಯಾಲ ಬಂತು."