ಒಂದೇ ಇಟ್ಟಿಗೆಯ ಗೋಡೆ

ನ್ಯಾಮತಿಯಲ್ಲಿ ನಮ್ಮದೊಂದು ಬೇಕರಿ. ಮುಂದೆ ಅಂಗಡಿ, ಅದರ ಹಿಂದೆ ಭಟ್ಟಿ ಮನೆ, ಪಕ್ಕಕ್ಕೆ ನಾವು ವಾಸವಿರುವ ಮನೆ. ನಾನು ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಬಂದ ಹೊಸದರಲ್ಲಿ ಭಟ್ಟಿ ಮನೆಯೊಳಗೆ ಎರಡು ನಿಮಿಷ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಸೌದೆ ಉರಿಸುವ ಜಾಗ ಅಂದ ಮೇಲೆ ಸೆಖೆ ಇದ್ದೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ನಮ್ಮ ಭಟ್ಟಿ ಹಳೆಯ ಕಾಲದ್ದು. ಇಟ್ಟಿಗೆಯ ಗುಮ್ಮಟ, ಅದರ ಸುತ್ತ ಮರಳು ತುಂಬಿ ಕಟ್ಟಿದ ದಪ್ಪ ಗೋಡೆ. ಗುಮ್ಮಟದ ಒಳಗೇ ಸೌದೆ ಉರಿಸಿ, ಇಟ್ಟಿಗೆ ಕಾದ ಮೇಲೆ ಕೆಂಡ ಹೊರಗೆಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿ, ಉದ್ದ ಹಿಡಿಯ ಮರದ ಹಲಗೆಯಲ್ಲಿ ಬ್ರೆಡ್ಡಿನ ಡಬ್ಬಿಗಳನ್ನು ಒಳಗೆ ತಳ್ಳಬೇಕು. ಒಮ್ಮೆ ಕಾಯಿಸಿದರೆ ಬ್ರೆಡ್ಡು, ಬನ್ನು ಬೇಯುತ್ತಿದ್ದವು. ಬಿಸ್ಕತ್ತಿನ ಸರದಿ ಬರುವಷ್ಟರಲ್ಲಿ ಭಟ್ಟಿ ಆರಿರುತ್ತಿತ್ತು. ಹಾಗಾಗಿ ಮಧ್ಯಾಹ್ನ ಇನ್ನೊಮ್ಮೆ ಬೆಂಕಿ ಹಾಕುತ್ತಿದ್ದೆವು. ಭಟ್ಟಿ ಮನೆ ತಣ್ಣಗಾಗಲು ಪುರುಸೊತ್ತೇ ಇರುತ್ತಿರಲಿಲ್ಲ.

ಈಚಿನ ಒಂದು ಬೇಸಿಗೆಯಲ್ಲಿ, ಆ ಎರಡನೇ ಬೆಂಕಿಯ ಮುಂದೆ, ನಮ್ಮ ಭಟ್ಟಿ ಕೆಲಸದವರು ಕುಸಿದು ಬಿದ್ದರು. ಐವತ್ತು ದಾಟಿದ ಮನುಷ್ಯ, ಜ್ವರ ಬಂದರೂ ರಜೆ ಹಾಕಿದವರಲ್ಲ. ನಾನೂ ನನ್ನ ಗಂಡನೂ ಸೇರಿ ಅವರನ್ನು ಅಂಗಡಿಯ ಫ್ಯಾನಿನ ಕೆಳಗೆ ತಂದು ಮಲಗಿಸಿದೆವು. ಮೈ ಕಾದ ಹಂಚಿನಂತಿತ್ತು, ಒಂದು ಹನಿ ಬೆವರಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮೂರನೇ ದಿನ ಅವರ ಹೆಂಡತಿ ಅಂಗಡಿಗೆ ಬಂದರು. ಜಗಳಕ್ಕೆ ಬಂದವರಲ್ಲ. ನನ್ನ ಎದುರಿಗೆ ನಿಂತು, "ಅವ್ರು ಕೆಲಸಕ್ಕೆ ಬರಲ್ಲ ಅಂತಲ್ಲ ಅಕ್ಕಾರೆ. ಆ ಕೋಣೆ ಮನುಷ್ಯರು ನಿಲ್ಲಂಗೆ ಮಾಡ್ರಿ, ಬರ್ತಾರೆ. ಅಲ್ಲೀತನಕ ನಾನು ಕಳಸಲ್ಲ" ಎಂದರು. ನಾನು ತಲೆ ತಗ್ಗಿಸಿ ಹೂಂ ಅಂದೆ.

ನನ್ನ ಗಂಡ ಕರೆಂಟಿನ ಭಟ್ಟಿ ತರುವ ಯೋಚನೆ ಮಾಡಿದರು. ದಾವಣಗೆರೆಗೆ ಹೋಗಿ ನೋಡಿಕೊಂಡೂ ಬಂದರು. ಅದರ ಬೆಲೆ, ಅದಕ್ಕೆ ಬೇಕಾದ ಬೇರೆ ಲೈನು, ತಿಂಗಳು ತಿಂಗಳು ಬರುವ ಬಿಲ್ಲು, ಎಲ್ಲ ಲೆಕ್ಕ ಹಾಕಿ ಸುಮ್ಮನಾದರು.

ದಾರಿ ತೋರಿಸಿದವರು ನಮಗೆ ಸೌದೆ ಹಾಕುವವರು. ಅವರದು ಜಗಳೂರು ಹತ್ತಿರದ ಬಿಳಿಚೋಡು. ಆ ಕಡೆಯ ಜಾಲಿ ಸೌದೆಯನ್ನು ಟ್ರ್ಯಾಕ್ಟರಿನಲ್ಲಿ ತರುತ್ತಾರೆ. ನಡೆದದ್ದನ್ನು ಕೇಳಿ ಅವರು, "ಹೇಳಿದ್ರೆ ನನ್ನ ಹೊಟ್ಟೆ ಮ್ಯಾಲೆ ನಾನೇ ಹೊಡ್ಕೊಂಡಂಗೆ. ಆದ್ರೂ ಹೇಳ್ತೀನಿ ಕೇಳ್ರಿ" ಎಂದರು. "ಹೊನ್ನಾಳಿಯಾಗೆ ಒಂದು ಬೇಕರಿ ಐತೆ. ಮೊದಲು ಎರಡು ಲೋಡ್ ತಗೊಳ್ಳೋರು, ಈಗ ಒಂದೇ ಸಾಕು ಅಂತಾರೆ. ಕೆರೆಬಿಳಚಿ ಮೇಸ್ತ್ರಿ ಒಬ್ರು ಬಂದು ಭಟ್ಟಿ ರಿಪೇರಿ ಮಾಡಿ ಹೋದ್ರಂತೆ. ನನಗೆ ಲುಕ್ಸಾನು ಮಾಡಿದ ಮನುಷ್ಯ, ಆದ್ರೆ ಕೆಲಸದಾಗೆ ಎತ್ತಿದ ಕೈ."

ಮರುದಿನವೇ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ. ಆ ಬೇಕರಿಯ ಯಜಮಾನರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, "ಮುಟ್ಟಿ ನೋಡ್ರಿ" ಎಂದು ಭಟ್ಟಿಯ ಗೋಡೆ ತೋರಿಸಿದರು. ಒಳಗೆ ಬ್ರೆಡ್ಡು ಬೇಯುತ್ತಿತ್ತು. ನಾನು ಹೆದರುತ್ತಲೇ ಬೆರಳ ತುದಿ ಇಟ್ಟೆ, ಆಮೇಲೆ ಇಡೀ ಅಂಗೈ ಇಟ್ಟೆ. ಬಿಸಿಲು ಇಳಿದ ಮೇಲೆ ಮನೆಯ ಗೋಡೆ ಎಷ್ಟು ಬೆಚ್ಚಗಿರುತ್ತದೋ ಅಷ್ಟೇ. ಇಷ್ಟು ವರ್ಷ ನಾವು ಬ್ರೆಡ್ಡು ಬೇಯಿಸುವ ಬದಲು ಗೋಡೆ ಬೇಯಿಸುತ್ತಿದ್ದೆವು ಎಂದು ಅಲ್ಲೇ ಅರ್ಥವಾಯಿತು. ಅಲ್ಲಿಂದಲೇ ಮೇಸ್ತ್ರಿಗೆ ಫೋನು ಮಾಡಿದೆ.

ಮೇಸ್ತ್ರಿ ಅರವತ್ತರ ಸುಮಾರಿನ ಮುಸ್ಲಿಂ ಹಿರಿಯರು. ಚನ್ನಗಿರಿ ಕಡೆಯ ಬೇಕರಿಗಳ ಭಟ್ಟಿಗಳೆಲ್ಲ ಅವರ ಕೈಯಲ್ಲೇ ಆದವು. ಮಾತು ಕಡಿಮೆ. ಭಟ್ಟಿ ಕಾದಿರುವಾಗಲೇ ನೋಡಬೇಕು ಎಂದರು. ಒಂದು ಬಟ್ಟಲು ವನಸ್ಪತಿ ತುಪ್ಪ ಕೇಳಿ ಇಸಿದುಕೊಂಡು, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಗೋಡೆಯ ಮೇಲೆ ಅಲ್ಲಲ್ಲಿ ಅಂಟಿಸುತ್ತಾ ಹೋದರು. ಎಲ್ಲಿ ಬೇಗ ಕರಗುತ್ತದೋ ಅಲ್ಲಿ ಕಾವು ಸೋರುತ್ತದೆ ಎಂದು ಲೆಕ್ಕ. ಮುಂದಿನ ಗೋಡೆಯದು ನಿಧಾನವಾಗಿ ಜಾರಿತು. ಸೊಟ್ಟಗಾಗಿದ್ದ ತಗಡಿನ ಬಾಗಿಲಿನ ಪಕ್ಕದ್ದು ಬೇಗ ಇಳಿಯಿತು. ಕೊನೆಗೆ ಭಟ್ಟಿಯ ಪಕ್ಕದ ಉಗ್ರಾಣಕ್ಕೆ ಹೋದರು. ನಾವು ಮೈದಾ ಚೀಲ ಇಡುವ ಚಿಕ್ಕ ಕೋಣೆ ಅದು. ಅಲ್ಲಿಯ ಗೋಡೆಗೆ ಅಂಟಿಸಿದ ಉಂಡೆ ಅವರು ಕೈ ತೆಗೆಯುವಷ್ಟರಲ್ಲೇ ನೀರಾಗಿ ಹರಿಯಿತು.

ಮೇಸ್ತ್ರಿ ಗೋಡೆಯನ್ನು ಬೆರಳಿನ ಗಂಟಿನಿಂದ ತಟ್ಟಿ ನೋಡಿದರು. ಅಂಗಳದ ಬೆಂಚಿನ ಮೇಲೆ ನನ್ನ ಮಾವ ಕೂತಿದ್ದರು. ಅವರಿಗೆ ಕೇಳಲಿ ಎಂದೋ ಏನೋ, ಮೇಸ್ತ್ರಿ ಗಟ್ಟಿಯಾಗಿ ಹೇಳಿದರು.

"ತಾಯಿ, ಮೂರು ಕಡೆ ಗೋಡೆ ಒಂದು ಮೊಳ ದಪ್ಪ ಐತೆ. ಈ ಕಡೆ ಒಂದೇ ಇಟ್ಟಿಗೆ. ಹೊರಗಿನ ಸಾಲು, ನಡುವಿನ ಮರಳು ಎಲ್ಲ ತೆಗೆದು ಗಾರೆ ಮೆತ್ತಿದಾರೆ. ತಾನಾಗಿ ಬಿದ್ದಿದ್ದಲ್ಲ ಇದು. ಯಾರೋ ಬೇಕಂತಲೇ ಮಾಡಿದ ಕೆಲಸ."

"ಆ ಗೋಡೆ ತಂಟೆಗೆ ಹೋಗಬ್ಯಾಡ್ರಿ" ಎಂದರು ಮಾವ ಕೂತಲ್ಲಿಂದಲೇ.

ಅವರಿಗೆ ಎಪ್ಪತ್ತು ದಾಟಿದೆ. ವ್ಯಾಪಾರವನ್ನು ಮಗನಿಗೆ ವಹಿಸಿಕೊಟ್ಟ ಮೇಲೆ ಯಾವುದಕ್ಕೂ ಅಡ್ಡ ಬಂದವರಲ್ಲ. ನನ್ನ ಗಂಡ, "ಅಪ್ಪಾ, ಒಬ್ಬರ ಜೀವ ಹೋಗ್ತಿತ್ತು ಇಲ್ಲಿ. ಗೋಡೆ ಯಾಕೆ ಮುಟ್ಟಬಾರದು ಹೇಳ್ರಿ" ಎಂದು ಕೇಳಿದರು. ಮಾವ ಎದ್ದು ಮನೆಯೊಳಗೆ ಹೋದರು. ಮೇಸ್ತ್ರಿ ಕೈ ತೊಳೆದುಕೊಂಡು, "ಮನೆಯವರು ಮಾತಾಡ್ಕೊಂಡು ಹೇಳ್ರಿ, ಬರ್ತೀನಿ" ಎಂದು ಹೊರಟುಬಿಟ್ಟರು.

ಅವತ್ತು ಸಂಜೆ ಮಾವ ತಾವಾಗಿಯೇ ನಮ್ಮನ್ನು ಕರೆದರು. ನಾನು, ನನ್ನ ಗಂಡ, ಅತ್ತೆ ಮೂವರೂ ಹೋಗಿ ಕೂತೆವು. ಅವರು ಮಾತಾಡಿದ್ದು ನಮ್ಮ ಅತ್ತೆಯ ಮುಖ ನೋಡಿಕೊಂಡು.

ನನ್ನ ಗಂಡ ಏಳು ತಿಂಗಳಿಗೇ ಹುಟ್ಟಿದ ಕೂಸು. ಅಂಗೈಯಷ್ಟಿತ್ತಂತೆ. ಬೆಚ್ಚಗಿಟ್ಟರೆ ಉಳಿದರೂ ಉಳಿಯಬಹುದು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಚಳಿಗಾಲ. ಆಗ ಉಗ್ರಾಣವೇ ಬಾಣಂತಿ ಕೋಣೆ. ತಾಯಿ ಮಗು ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಮಾವ, ತಮ್ಮ ತಂದೆಗಾಗಲಿ ಕೆಲಸದವನಿಗಾಗಲಿ ಗೊತ್ತಾಗದಂತೆ, ಆ ಕಡೆಯ ಗೋಡೆ ಬಿಚ್ಚಿ, ಇಟ್ಟಿಗೆ, ಮರಳು ತೆಗೆದು, ತೆಳ್ಳಗೆ ಗಾರೆ ಬಳಿದಿದ್ದರು. ಹಗಲೂ ರಾತ್ರಿ ಭಟ್ಟಿಯ ಕಾವು ಕೋಣೆಗೆ ಬಂತು. ಕೂಸು ಉಳಿಯಿತು.

"ನಾನು ಮೂರು ತಿಂಗಳು ಆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ" ಎಂದರು ಅತ್ತೆ. "ಒಂದು ಮಾತು ಹೇಳಲಿಲ್ಲಲ್ಲ ನೀವು."

"ಹೆಂಗೆ ಹೇಳ್ಲಿ? ಅಪ್ಪ ಇದ್ರು. ಒಂದು ಕಟ್ಟಿಗೆ ಜಾಸ್ತಿ ಉರಿದ್ರೂ ಕೂಗಾಡೋರು. ಆ ವರ್ಷ ಸೌದೆ ಸಿಕ್ಕಾಪಟ್ಟೆ ಹೋಯ್ತು. ಭಟ್ಟಿ ಉರಿಸ್ತಿದ್ದ ಆ ಜಗಳೂರಿನೋನು ಹಾಳು ಮಾಡ್ತಾನೆ ಅಂತ ಅಪ್ಪ ಅವನನ್ನ ಬಿಡಿಸಿಬಿಟ್ರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ."

ಅತ್ತೆ ಮೆಲ್ಲಗೆ, "ಅವನ ಹೆಂಡ್ತಿ ಆಗ ತುಂಬಿದ ಬಸುರಿ" ಎಂದರು.

ನನ್ನ ಗಂಡ ಎದ್ದು ಹೊರಗೆ ಹೋದರು. ಸಿಟ್ಟೋ ಸಂಕಟವೋ, ಬಹುಶಃ ಅವರಿಗೂ ಗೊತ್ತಿರಲಿಲ್ಲ. ತನ್ನನ್ನು ಉಳಿಸಲು ಮಾಡಿದ ಕೆಲಸ, ಅದಕ್ಕೆ ಇನ್ನೊಬ್ಬರ ಅನ್ನ ಹೋಯಿತು. ಬಾಣಂತನ ಮುಗಿದ ಮೇಲಾದರೂ ಗೋಡೆ ಯಾಕೆ ಮುಚ್ಚಲಿಲ್ಲ ಎಂದು ನಾನು ಕೇಳಿದೆ. "ಮುಚ್ಚಾಕೆ ಹೋದ್ರೆ ತೆರೆದಿದ್ದು ಯಾರು ಅಂತ ಕೇಳ್ತಿದ್ರಲ್ಲವ್ವ" ಎಂದರು ಮಾವ. ಅವರ ತಂದೆ ಆಮೇಲೂ ಬಹಳ ವರ್ಷ ಬದುಕಿದ್ದರು. ಅಷ್ಟರಲ್ಲಿ ಜಾಸ್ತಿ ಸೌದೆ ಉರಿಸುವುದೇ ಮನೆಯವರಿಗೆಲ್ಲ ರೂಢಿಯಾಗಿತ್ತು.

ಮೇಸ್ತ್ರಿಯನ್ನು ಮತ್ತೆ ಕರೆಸಿದೆವು. ಕೆಲಸ ಎಂಟು ದಿನ ಹಿಡಿಯಿತು. ಉಗ್ರಾಣದ ಕಡೆ ಹೊಸ ಗೋಡೆ ಎಬ್ಬಿಸಿ, ನಡುವಿನ ಸಂದಿಗೆ ಮರಳಿನ ಬದಲು ಹೊನ್ನಾಳಿಯ ಅಕ್ಕಿ ಗಿರಣಿಯಿಂದ ತಂದ ಹೊಟ್ಟಿನ ಬೂದಿಯನ್ನು ಜರಡಿ ಹಿಡಿದು ತುಂಬಿದರು. ಮರಳು ಕಾವನ್ನು ಕುಡಿಯುತ್ತದೆ, ಬೂದಿ ಕಾವನ್ನು ತಡೆಯುತ್ತದೆ ಎಂದು ಅವರು ಹೇಳಿಕೊಟ್ಟರು. ಗುಮ್ಮಟದ ಬಿರುಕುಗಳಿಗೆ ಜೇಡಿಮಣ್ಣು ಮೆತ್ತಿ, ಅದರ ಮೇಲೂ ಬೂದಿ ಹಾಸಿದರು. ಬಾಗಿಲಿಗೆ ಎರಡು ತಗಡು ಕೂಡಿಸಿ ಮಧ್ಯೆ ಬೂದಿ ತುಂಬಿದರು. ಹೊಗೆ ಹೋಗುವ ಕೊಳವೆಗೆ ಒಂದು ಮುಚ್ಚಳ ಇಟ್ಟು, ಬೆಂಕಿ ತೆಗೆದ ಕೂಡಲೇ ಅದನ್ನು ಎಳೆದು ಮುಚ್ಚಿಬಿಡಬೇಕು ಎಂದರು. ಸೌದೆಯನ್ನು ನೋಡಿ ಬೈದರು. "ಹಸಿ ಸೌದೆ ಹಾಕಿದ್ರೆ ಅರ್ಧ ಬೆಂಕಿ ಅದರ ನೀರು ಒಣಗಿಸಾಕೆ ಹೋಗ್ತೈತೆ. ಸೀಳಿ, ಮಾಡಿನ ಕೆಳಗೆ ಎರಡು ತಿಂಗಳು ಒಣಗಿಸ್ರಿ."

ಗೋಡೆ ಒಣಗಲು ವಾರಗಟ್ಟಲೆ ಸಣ್ಣ ಬೆಂಕಿ ಮಾತ್ರ ಹಾಕಬೇಕಿತ್ತು. ಆ ಬಿಡುವಿನಲ್ಲಿ ಮಾವ ನನ್ನನ್ನು ಕರೆದು, "ಜಗಳೂರಿಗೆ ಹೋಗಬೇಕು, ಜೊತೆಗೆ ಬರ್ತೀಯೇನವ್ವ?" ಎಂದು ಕೇಳಿದರು. ಸೌದೆಯವರ ಮೂಲಕ ಆ ಹಳೆಯ ಕೆಲಸಗಾರರ ವಿಳಾಸ ತರಿಸಿಕೊಂಡಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ.

ಹೊನ್ನಾಳಿ, ದಾವಣಗೆರೆ ದಾಟಿ ಜಗಳೂರು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಆ ಹಿರಿಯರು ರಸ್ತೆ ಬದಿಯ ಪಂಚರ್ ಅಂಗಡಿಯಲ್ಲಿ ಕೂತಿದ್ದರು. ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದರಂತೆ, ಈಗ ಮಗ ಬೈಕು ನೋಡಿಕೊಳ್ಳುತ್ತಾನೆ. ಮಾವ ತಾವು ಯಾರೆಂದು ಹೇಳಿದರು. ಅವರು ಎದ್ದು ನಿಂತು, ಸ್ಟೂಲು ಒರೆಸಿ ಮಾವನನ್ನು ಕೂರಿಸಿದರು. ಮಾವ ಸುತ್ತಿ ಬಳಸಲಿಲ್ಲ.

"ಅವತ್ತು ಸೌದೆ ಜಾಸ್ತಿ ಹೋಗಿದ್ದು ನಿಮ್ಮಿಂದಲ್ಲ. ಕೂಸಿಗೆ ಕಾವು ಬರ್ಲಿ ಅಂತ ಗೋಡೆ ಬಿಚ್ಚಿದ್ದೆ ನಾನು. ಅಪ್ಪ ನಿಮ್ಮನ್ನ ಬಿಡಿಸಿದಾಗ ಸುಮ್ನೆ ನಿಂತುಬಿಟ್ಟೆ. ತಪ್ಪಾಯ್ತು."

ಕೆಲಸದವರಿಗೆ ಮಾವ 'ನೀವು' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಂಗಾದ್ರೆ ಭಟ್ಟಿ ಉರಿಸಾಕೆ ನನಗೆ ಬರ್ತಿತ್ತು" ಎಂದರು ಆ ಹಿರಿಯರು.

"ಬರ್ತಿತ್ತು. ನಿಮ್ಮಷ್ಟು ಚಂದ ಆಮೇಲೆ ಯಾರೂ ಉರಿಸಲಿಲ್ಲ."

"ಆಮ್ಯಾಕೆ ದಾವಣಗೆರೆಯಾಗೆ ಇಬ್ರು ಬೇಕರಿಯೋರು ಕರೆದಿದ್ರು. ನಾನೇ ಹೋಗಲಿಲ್ಲ. ಸೌದಿ ಹಾಳು ಮಾಡ್ತೀನಿ, ಯಾಕೆ ಇನ್ನೊಬ್ರಿಗೆ ಲುಕ್ಸಾನು ಅಂತ. ಈ ಮಾತು ಹೇಳಾಕೆ ಇಷ್ಟು ವರ್ಷ ಬೇಕಾತೇನ್ರಿ?"

ಒಳಗಿನಿಂದ ಚಹಾ ಬಂತು. ಕುಡಿಯುವುದೋ ಬೇಡವೋ ತಿಳಿಯದೆ ಲೋಟ ಹಿಡಿದುಕೊಂಡೇ ಕೂತಿದ್ದೆವು. ಕೊನೆಗೆ ಅವರೇ, "ಕುಡೀರಿ, ಆರ್ತೈತೆ" ಎಂದರು. ಆಮೇಲೆ, "ಆ ಕೂಸು?" ಎಂದು ಕೇಳಿದರು. ಈಗ ಬೇಕರಿ ಅವರದೇ, ನಾನು ಅವರ ಹೆಂಡತಿ ಎಂದೆ. ತಲೆಯಾಡಿಸಿದರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

ಭಟ್ಟಿ ಮತ್ತೆ ಪೂರ್ತಿ ಹೊತ್ತಿಕೊಂಡಿತು. ಮಧ್ಯಾಹ್ನದ ಬೆಂಕಿ ನಿಂತೇ ಹೋಯಿತು. ಬೆಳಗಿನ ಒಂದೇ ಕಾವಿನಲ್ಲಿ ಮೊದಲು ಬ್ರೆಡ್ಡು, ಆಮೇಲೆ ಬನ್ನು, ಕಾವು ಇಳಿದಂತೆ ಖಾರ ಬಿಸ್ಕತ್ತು, ಕಡೆಗೆ ಉಳಿದ ಬಿಸಿಯಲ್ಲೇ ರಸ್ಕು ಒಣಗುತ್ತದೆ. ತಿಂಗಳಿಗೆ ಮುಗಿಯುತ್ತಿದ್ದ ಸೌದೆ ಈಗ ಎರಡು ತಿಂಗಳ ಹತ್ತಿರ ಬರುತ್ತದೆ. ನಮ್ಮ ಕೆಲಸದವರು ವಾಪಸು ಬಂದರು. ಮೊದಲ ದಿನ ಅವರ ಹೆಂಡತಿಯೂ ಬಂದು, ಭಟ್ಟಿ ಮನೆಯಲ್ಲಿ ಕಾಲು ಗಂಟೆ ನಿಂತು, ನೋಡಿಕೊಂಡು ಹೋದರು.

ಮೂರು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ, ಜಗಳೂರಿನ ಹಿರಿಯರು ಹೇಳದೆ ಕೇಳದೆ ಬಂದಿಳಿದರು. ನೋಡಿ ಹೋಗಾಕೆ ಬಂದೆ ಎಂದಷ್ಟೇ ಹೇಳಿ ಸೀದಾ ಭಟ್ಟಿಯ ಮುಂದೆ ಹೋಗಿ ನಿಂತರು. ಮಾವ ಗೋಡೆ ಹಿಡಿದುಕೊಂಡು ಅವರ ಹಿಂದೆಯೇ ಹೋದರು. ಹಿರಿಯರು ಬಗ್ಗಿ ಒಳಗೆ ನೋಡಿ, ಭಟ್ಟಿಯ ಬಾಯಿಗೆ ಅಡ್ಡಲಾಗಿ ಕೈ ಹಿಡಿದರು.

"ಗೋಡೆ ಚಲೋ ಕಟ್ಯಾರೆ. ಆದ್ರೆ ಬಾಯಿ ನಾಕು ಬೆರಳು ಎತ್ತರ ಆಗೈತೆ. ಬಿಸಿ ಮ್ಯಾಲಿಂದ ಓಡಿ ಹೋಗ್ತೈತೆ ನೋಡ್ರಿ. ಆವತ್ತೂ ಹಿಂಗೇ ಇತ್ತು, ಹೇಳಿದ್ರೆ ಯಾರೂ ಕೇಳಲಿಲ್ಲ."

ಮಾವ ನನ್ನ ಕಡೆ ತಿರುಗಿ, "ಮೇಸ್ತ್ರಿಗೆ ಫೋನ್ ಹಚ್ಚವ್ವ. ಇವರೇ ಮಾತಾಡ್ಲಿ" ಎಂದರು.

ಹಿರಿಯರು ಫೋನು ಹಿಡಿದುಕೊಂಡು ಅಂಗಳಕ್ಕೆ ಹೋದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ, ಆದರೂ ಅರ್ಧ ಗಂಟೆ ಮಾತಾಡಿದರು. ಮುಂದಿನ ವಾರ ಮೇಸ್ತ್ರಿ ಬಂದು ಬಾಯಿಯನ್ನು ನಾಲ್ಕು ಬೆರಳು ತಗ್ಗಿಸಿದರು.