ದ್ರಾಕ್ಷಾಯಿಣಿಯ ಅರ್ಧ ತಾಸು

ಮಧ್ಯಾಹ್ನ ಎರಡೂವರೆಯಿಂದ ಮೂರರವರೆಗೆ ಮೂಡಲಗಿಯ ದ್ರಾಕ್ಷಾಯಿಣಿ ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಭಾಂಡೆ ತಿಕ್ಕಿ, ಹಂಚು ಒರೆಸಿಟ್ಟು, ಎಮ್ಮೆ ಮನೆಗೆ ಬರುವ ಮೊದಲು ಸಿಗುವ ಆ ಅರ್ಧ ತಾಸು ಅವಳು ಓದುತ್ತಾಳೆ. ನಕ್ಷತ್ರಗಳ ಬಗ್ಗೆ ಬರೆಯುವ ಒಬ್ಬ ಮಾಸ್ತರರು, ಕುಪ್ಪಸದ ಹೊಲಿಗೆ ಕಲಿಸುವ ಹೆಂಗಸೊಬ್ಬಳು, ಕತೆಗಳ ಎರಡು ತಾಣ. ಇವೆಲ್ಲದರ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುವ ಫೀಡ್ ರೀಡರ್ ಅವಳ ಫೋನಿನಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಒಂದು ದಿನ ಬಾಗಿಲು ಮುಚ್ಚಿದರು. ಮೂರು ವರ್ಷ ಆರಿಸಿ ಆರಿಸಿ ಕೂಡಿಸಿದ ಪಟ್ಟಿ ಮಾಯ.

"ಇನ್ನ ಮ್ಯಾಲೆ ನನ್ನ ರೀಡರ್ ನನ್ನ ಮನ್ಯಾಗ ಇರ್ತೈತಿ," ಎಂದು ಅವಳು ಅಟ್ಟದ ಮೇಲಿನ ಹಳೆಯ ಕಂಪ್ಯೂಟರ್ ಇಳಿಸಿದಳು. ಮದುವೆಗೆ ಮುಂಚೆ ಗೋಕಾಕದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಕೈ, ಮರೆತಿರಲಿಲ್ಲ.

ಮನೆಯ ಕಂಪ್ಯೂಟರಿನಲ್ಲೇ ನಡೆಯುವ ರೀಡರುಗಳನ್ನು ಹುಡುಕಿ ಹುಡುಕಿ ಆಯ್ಕೆ ಎರಡಕ್ಕೆ ಬಂದು ನಿಂತಿತು: ಒಂದು ದೊಡ್ಡದು, ಒಂದು ಸಣ್ಣದು. ಅಷ್ಟರಲ್ಲಿ ಗಂಡ ಸಿದ್ರಾಯ ಎರಡು ವಿಡಿಯೊ ನೋಡಿ ಪಂಡಿತನಾಗಿದ್ದ.

"ಈ ದೊಡ್ಡದನ್ನ ಹಾಕು. ಏನೇನ ಐತಿ ನೋಡ ಇದ್ರಾಗ! ಬಣ್ಣ, ಚಾರ್ಟು, ಮೂವತ್ತ ಬಟನ್ನು!"

ದೊಡ್ಡದನ್ನೇ ಹಾಕಿದಳು. ಮೊದಲ ದಿನ ಅದು ಅಪ್‌ಡೇಟ್ ಕೇಳಿತು. ಎರಡನೇ ದಿನ ಕರೆಂಟು ಹೋಗಿ ಬಂದಾಗ ಮುನಿಸಿಕೊಂಡು ಏಳಲೇ ಇಲ್ಲ. ಮೂರನೇ ದಿನ ರಮಿಸಿ ಎಬ್ಬಿಸುವಷ್ಟರಲ್ಲಿ ಮೂರು ಹೊಡೆಯಿತು. ಒಂದು ಸಾಲೂ ಓದಿರಲಿಲ್ಲ.

"ಇದಕ್ಕೂ ನಾನ ಸೊಸಿ ಆದ್ನೆಲ್ಲ!" ಎಂದು ದ್ರಾಕ್ಷಾಯಿಣಿ ತಲೆಗೆ ಕೈ ಹಚ್ಚಿದಳು.

ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದ ಅತ್ತೆ ಮಾಯವ್ವ ಕಿಸಕ್ಕನೆ ನಕ್ಕಳು. "ಮನಿಗಿ ತರೂದಿದ್ರ ತನ್ನ ತಾಟ ತಾನ ತೊಳ್ಕೊಳ್ಳೂದನ್ನ ತಾರವಾ. ನನ್ನ ಮಗನಂಥಾದ್ದು ಒಂದ ಸಾಕು."

"ಯವ್ವಾ!" ಎಂದ ಸಿದ್ರಾಯ.

ದೊಡ್ಡದು ಹೋಗಿ ಸಣ್ಣದು ಬಂತು. ಬಣ್ಣವಿಲ್ಲ, ಬೆಡಗಿಲ್ಲ. ಆ ದಿನ ಕರೆಂಟು ನಾಲ್ಕು ಸಲ ಹೋಯಿತು; ನಾಲ್ಕು ಸಲವೂ ಅದು ತಾನಾಗಿಯೇ ಎದ್ದು ಕೂತಿತು. ದ್ರಾಕ್ಷಾಯಿಣಿ ಸೆರಗು ಸಿಕ್ಕಿಸಿ ಅದರ ಮುಂದೆ ಒಂದು ಸುತ್ತು ಕುಣಿದೇಬಿಟ್ಟಳು.

ಮರುದಿನ ತೆರೆದರೆ ಮೂಲೆಯಲ್ಲಿ ಕೆಂಪಗೆ ಒಂದು ಅಂಕಿ: ಓದದೆ ಉಳಿದದ್ದು 1,312. ಸಿದ್ರಾಯ ಸದ್ದಿಲ್ಲದೆ ತನ್ನ ಕಬ್ಬು, ಕುಸ್ತಿ, ಟ್ರ್ಯಾಕ್ಟರುಗಳ ತಾಣಗಳನ್ನೆಲ್ಲ ಅದಕ್ಕೆ ಸೇರಿಸಿದ್ದ. ಬಚ್ಚಲಲ್ಲಿ ಬಿದ್ದ ಎಂಜಲು ಭಾಂಡೆ ಕಂಡಂತಾಗಿ, ಅವಳ ಕೈ ತಾನೇ ಟ್ರ್ಯಾಕ್ಟರುಗಳನ್ನು ತೆರೆದು ತೆರೆದು ಮುಗಿಸತೊಡಗಿತು.

"ಏನ ಮಾಡಾಕತ್ತೀ?" ಮಾಯವ್ವ ಕೇಳಿದಳು.

"ಇಷ್ಟ ಉಳದೈತಿ ಅಂತ ತೋರ್ಸಾಕತ್ತೈತಿ ಅತ್ತಿ. ಕಣ್ಣಿಗಿ ಬಿದ್ದಮ್ಯಾಲೆ ಬಿಡಾಕ ಆಗವಲ್ದು."

"ಮುಚ್ಚಾಕ ಬರಂಗಿಲ್ಲೇನ ಅದನ್ನ?"

ಬರುತ್ತಿತ್ತು! ಸೆಟ್ಟಿಂಗಿನಲ್ಲಿ ಒಂದೇ ಒಂದು ಗುರುತು ತೆಗೆದಳು. ಅಂಕಿ ಹೋಯಿತು. ಗಂಡನ ಟ್ರ್ಯಾಕ್ಟರುಗಳನ್ನು ಅವನ ಹೆಸರಿನ ಬೇರೆ ಫೋಲ್ಡರಿಗೆ ದೂಡಿದಳು. ಕಣ್ಣೆದುರು ಉಳಿದದ್ದು ನಕ್ಷತ್ರ, ಕುಪ್ಪಸ, ಕತೆ.

ಅಂದು ಊಟ ತಡವಾಗಿತ್ತು, ಬಚ್ಚಲ ತುಂಬ ನಿಜವಾದ ಭಾಂಡೆಯೂ ಇತ್ತು. ದ್ರಾಕ್ಷಾಯಿಣಿ ಅದನ್ನೊಮ್ಮೆ ನೋಡಿದಳು, ಅತ್ತೆಯನ್ನೊಮ್ಮೆ ನೋಡಿದಳು. ಎದ್ದು ಹೋಗಿ ದೊಡ್ಡ ಬಿದಿರು ಬುಟ್ಟಿಯನ್ನು ಭಾಂಡೆಗಳ ಮೇಲೆ ಬೋರಲು ಹಾಕಿ ಬಂದು, ಕೂತು ಓದತೊಡಗಿದಳು. ಮಾಯವ್ವನಿಗೆ ನಕ್ಕೂ ನಕ್ಕೂ ಕೆಮ್ಮು ಬಂತು.

ಸಿದ್ರಾಯ ಬಂದ. "ಚಾ ಕುಡಿಯೂ ಕಪ್ಪ ಎಲ್ಲೈತಿ?"

"ಬುಟ್ಟಿ ಬುಡಕ ನೋಡ್ರಿ," ಅವಳು ನಕ್ಷತ್ರಗಳಿಂದ ಕಣ್ಣೆತ್ತಲಿಲ್ಲ.

ಬುಟ್ಟಿ ಎತ್ತಿದ ಸದ್ದು. ಆಮೇಲೆ ನೀರು ಸುರಿದ ಸದ್ದು.

"ಭಾಂಡೆ ತಿಕ್ಕೂ ಸಾಬಾಣ ಎಲ್ಲಿಟ್ಟೀರಿ?"

"ಸೆಟ್ಟಿಂಗಿನ್ಯಾಗ ನೋಡೋ ಸಿದ್ರಾಯಾ!" ಎಂದಳು ಮಾಯವ್ವ.